ಪಟ್ಟಿ ಮೊದಲು, ಬಟನ್ ಆಮೇಲೆ: ಮನೆ ಕಂಪ್ಯೂಟರಿನಿಂದ ಬೇಡದ ಸಾಫ್ಟ್‌ವೇರ್ ತೆಗೆಯುವ ಬಗೆ

ದಾವಣಗೆರೆಯ ಮಂಡಿಪೇಟೆ ಕಡೆ ದಸ್ತಾವೇಜು ಬರೆಯುವ ಹಿರಿಯರೊಬ್ಬರಿದ್ದಾರೆ. ಅವರ ಮನೆ ಕಂಪ್ಯೂಟರ್ ಆನ್ ಮಾಡಿ, ಒಳಗೆ ಹೋಗಿ ಚಾ ಕುಡಿದು ಬಂದರೂ ಪರದೆ ಮೇಲಿನ ಚಕ್ರ ಇನ್ನೂ ಸುತ್ತುತ್ತಲೇ ಇರುತ್ತಿತ್ತು. ಒಂದು ಭಾನುವಾರ ನಾನು ಹೋಗಿ ಕುಳಿತೆ. ಸಾಫ್ಟ್‌ವೇರ್‌ಗಳ ಪಟ್ಟಿ ತೆರೆದು, ಹಳೆಯದು ಅಂತ ಕಂಡದ್ದನ್ನೆಲ್ಲ ಒಂದಾದ ಮೇಲೊಂದು ಕಿತ್ತು ಹಾಕಿದೆ. ಅದರಲ್ಲಿ 'ನುಡಿ' ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೆಯ ಆವೃತ್ತಿಯೂ ಹೋಯಿತು. ಈಗ ವಿಂಡೋಸ್‌ನಲ್ಲೇ ಕನ್ನಡ ಕೀಬೋರ್ಡ್ ಇದೆಯಲ್ಲ, ಇದ್ಯಾಕೆ ಅಂದುಕೊಂಡಿದ್ದೆ. ಕಂಪ್ಯೂಟರ್ ಚುರುಕಾಯಿತು, ಅವರಿಗೂ ಖುಷಿಯಾಯಿತು.

ಸೋಮವಾರ ಬೆಳಿಗ್ಗೆ ಫೋನ್ ಬಂತು. "ತಮ್ಮಾ, ಕ್ರಯಪತ್ರ ತೆಗೆದ್ರೆ ಒಂದಕ್ಷರ ಕನ್ನಡ ಇಲ್ಲ. ಇಂಗ್ಲಿಷ್ ಅಕ್ಷರದ ತಲೆ ಮ್ಯಾಲೆ ಗೀಟು, ಚುಕ್ಕಿ, ಅಷ್ಟೇ ಬರ್ತಾ ಐತಿ. ಹನ್ನೆರಡು ವರ್ಷದ ಕೆಲಸ ಐತಪ್ಪಾ ಇದ್ರಾಗೆ."

ಕಡತಗಳು ಅಳಿದಿರಲಿಲ್ಲ. ಹಳೆಯ ನುಡಿ, ಅದರಂಥದ್ದೇ ಆದ 'ಬರಹ', ಇವುಗಳ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತದೊಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತಗಳು. ಆ ಸಂಕೇತ ಬಂದ ಕಡೆ ತಲೆಕಟ್ಟು, ಕೊಂಬು, ಒತ್ತು ಬಿಡಿಸಿ ತೋರಿಸುವುದು ಫಾಂಟಿನ ಕೆಲಸ. ಫಾಂಟು ಹೋಯಿತೆಂದರೆ ಒಳಗಿನ ಸಂಕೇತ ಇದ್ದಂತೆಯೇ ಹೊರಗೆ ಕಾಣುತ್ತದೆ. ಯೂನಿಕೋಡ್‌ನಲ್ಲಿ ಟೈಪ್ ಮಾಡಿದ್ದಾದರೆ ಈ ತೊಂದರೆ ಇಲ್ಲ, ಅಲ್ಲಿ ಕನ್ನಡದ ಅಕ್ಷರಗಳಿಗೆ ಅವುಗಳದ್ದೇ ಸಂಕೇತ ಇದೆ. ನುಡಿಯನ್ನು ಮತ್ತೆ ಹಾಕಿದ ಮೇಲೆ ಮಧ್ಯಾಹ್ನದ ಹೊತ್ತಿಗೆ ಎಲ್ಲ ಸರಿಹೋಯಿತು. ಆದರೆ ಆ ಬೆಳಿಗ್ಗೆ ಅವರ ದನಿ ನಡುಗಿದ್ದನ್ನು ನಾನು ಮರೆತಿಲ್ಲ. ಅಂದಿನಿಂದ ಯಾರ ಮನೆಗೆ ಹೋದರೂ ಮೊದಲು ಒಂದು ಹಾಳೆ, ಒಂದು ಪೆನ್ನು ಕೇಳುತ್ತೇನೆ.

ಬೇಡದ ಸಾಫ್ಟ್‌ವೇರ್ ಇನ್ನೂ ಒಂದು ವಾರ ಉಳಿದರೆ ಕಂಪ್ಯೂಟರ್ ನಿಧಾನವಾಗಿರುತ್ತದೆ, ಅಷ್ಟೇ. ಬೇಕಾದದ್ದನ್ನು ಅವಸರದಲ್ಲಿ ತೆಗೆದರೆ ಮನೆಯವರ ಕೆಲಸವೇ ನಿಲ್ಲುತ್ತದೆ. ಕೆಳಗಿನ ಕ್ರಮ ವಿಂಡೋಸ್ 10 ಮತ್ತು 11ಕ್ಕೆ ಹೊಂದುತ್ತದೆ. ಆಫೀಸಿನವರು ಕೊಟ್ಟ ಲ್ಯಾಪ್‌ಟಾಪ್ ಆದರೆ ಕೈ ಹಚ್ಚಬೇಡಿ, ಅಲ್ಲಿಯ ಸಿಸ್ಟಮ್ ನೋಡಿಕೊಳ್ಳುವವರಿಗೆ ಹೇಳಿ.

ಪಟ್ಟಿ ಬರೆದುಕೊಳ್ಳಿ

ಕೀಬೋರ್ಡಿನಲ್ಲಿ ವಿಂಡೋಸ್ ಕೀ ಹಿಡಿದು 'ಐ' ಒತ್ತಿ. ಸೆಟ್ಟಿಂಗ್ಸ್ ತೆರೆಯುತ್ತದೆ. ಅಲ್ಲಿ 'ಆ್ಯಪ್ಸ್' ಒಳಗೆ ಹೋದರೆ ವಿಂಡೋಸ್ 11ರಲ್ಲಿ 'ಇನ್‌ಸ್ಟಾಲ್ಡ್ ಆ್ಯಪ್ಸ್', ವಿಂಡೋಸ್ 10ರಲ್ಲಿ 'ಆ್ಯಪ್ಸ್ ಆ್ಯಂಡ್ ಫೀಚರ್ಸ್' ಎಂದು ಕಾಣುತ್ತದೆ. ಪಟ್ಟಿಯನ್ನು ಹೆಸರು, ಗಾತ್ರ, ಹಾಕಿದ ದಿನಾಂಕ, ಈ ಮೂರರಲ್ಲಿ ಯಾವುದರ ಪ್ರಕಾರ ಬೇಕಾದರೂ ಜೋಡಿಸಬಹುದು. ದಿನಾಂಕದ ಪ್ರಕಾರ ಜೋಡಿಸಿ. ಕಂಪ್ಯೂಟರ್ ಯಾವಾಗಿನಿಂದ ಕೆಟ್ಟಿತು ಎಂದು ಮನೆಯವರಿಗೆ ಸಾಮಾನ್ಯವಾಗಿ ನೆನಪಿರುತ್ತದೆ. "ಮಗಳು ಆ ವಿಡಿಯೊ ಪ್ಲೇಯರ್ ಹಾಕಿದ ಮೇಲೇರಿ" ಅಂತ ಹೇಳುತ್ತಾರೆ. ಅದೇ ದಿನ ಅದರ ಜೊತೆ ಇನ್ನೆರಡು ಮೂರು ಹೆಸರು ಬಂದು ಕುಳಿತಿದ್ದರೆ ಅವುಗಳ ಮೇಲೆ ಮೊದಲ ಅನುಮಾನ ಇಡಿ. ಒಂದು ಮಾತು ನೆನಪಿರಲಿ, ಎಷ್ಟೋ ಸಾಫ್ಟ್‌ವೇರ್‌ಗಳು ಅಪ್‌ಡೇಟ್ ಆದಾಗ ಆ ದಿನಾಂಕವೂ ಬದಲಾಗುತ್ತದೆ. ಹಾಗಾಗಿ ದಿನಾಂಕ ನೋಡಿದ ಕೂಡಲೇ ತೀರ್ಮಾನಕ್ಕೆ ಬರಬೇಡಿ.

ತಯಾರಿಸಿದವರ ಹೆಸರು ಸಾಲಾಗಿ ನೋಡಬೇಕೆಂದರೆ ಹಳೆಯ ಕಂಟ್ರೋಲ್ ಪ್ಯಾನೆಲ್ ಪಟ್ಟಿಯೇ ನನಗೆ ಹೆಚ್ಚು ಅನುಕೂಲ. ವಿಂಡೋಸ್ ಕೀ ಜೊತೆ 'ಆರ್' ಒತ್ತಿ, ಬಂದ ಸಣ್ಣ ಪೆಟ್ಟಿಗೆಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಎ, ಪಿ, ಪಿ, ಡಬ್ಲ್ಯು, ಐ, ಝಡ್, ಆಮೇಲೆ ಒಂದು ಚುಕ್ಕೆ, ಮತ್ತೆ ಸಿ, ಪಿ, ಎಲ್ ಎಂದು ಜಾಗ ಬಿಡದೆ ಟೈಪ್ ಮಾಡಿ ಎಂಟರ್ ಕೊಡಿ. 'ಪಬ್ಲಿಷರ್' ಎಂಬ ಕಾಲಮ್ ಕಾಣುತ್ತದೆ. ಮೈಕ್ರೋಸಾಫ್ಟ್ ಸ್ಟೋರಿನಿಂದ ಬಂದ ಆ್ಯಪ್‌ಗಳು ಈ ಪಟ್ಟಿಯಲ್ಲಿ ಇರುವುದಿಲ್ಲ, ಅವನ್ನು ಸೆಟ್ಟಿಂಗ್ಸ್‌ನಲ್ಲೇ ನೋಡಬೇಕು.

ಹಾಳೆಯ ಮೇಲೆ ಮೂರು ಭಾಗ ಮಾಡಿ: ಬೇಕು, ಬೇಡ, ಗೊತ್ತಿಲ್ಲ. ಮನೆಯಲ್ಲಿ ಆ ಕಂಪ್ಯೂಟರ್ ಬಳಸುವ ಎಲ್ಲರನ್ನೂ ಕರೆದು ಕೇಳಿ. 'ಗೊತ್ತಿಲ್ಲ' ಭಾಗದಲ್ಲಿ ಉಳಿದದ್ದನ್ನು ಇವತ್ತು ಮುಟ್ಟುವುದು ಬೇಡ.

ಯಾವುದನ್ನು ಮುಟ್ಟಬಾರದು

ಇಲ್ಲಿ ಸ್ವಲ್ಪ ನಿಧಾನಿಸಿ, ಏಕೆಂದರೆ ನಮ್ಮ ಊರ ಕಡೆಯ ಮನೆ ಕಂಪ್ಯೂಟರುಗಳು ಬರೀ ಮನೆಯ ಕೆಲಸಕ್ಕೆ ಇರುವುದಿಲ್ಲ. ಅಂಗಡಿ ಲೆಕ್ಕ, ಅಡಿಕೆ ವ್ಯಾಪಾರದ ಬಿಲ್ಲು, ಮಕ್ಕಳ ಪ್ರಾಜೆಕ್ಟು, ಎಲ್ಲ ಅದರಲ್ಲೇ.

'ಮೈಕ್ರೋಸಾಫ್ಟ್ ವಿಶುವಲ್ ಸಿ ಪ್ಲಸ್ ಪ್ಲಸ್ ರೀಡಿಸ್ಟ್ರಿಬ್ಯೂಟಬಲ್' ಎಂಬ ಹೆಸರು 2008, 2010, 2013 ಎಂದು ಬೇರೆ ಬೇರೆ ವರ್ಷಗಳ ಜೊತೆ ಐದಾರು ಸಲ ಕಾಣುತ್ತದೆ. ಒಂದೇ ವಸ್ತು ಐದಾರು ಸಲ ಯಾಕೆ ಎಂದು ಹಳೆಯದನ್ನು ತೆಗೆಯಲು ಕೈ ತುರಿಸುತ್ತದೆ. ಬೇಡ. ಇವು ಬೇರೆ ಸಾಫ್ಟ್‌ವೇರ್‌ಗಳು ನಿಂತಿರುವ ಬುನಾದಿ ಕಲ್ಲುಗಳು. 2010ರ ಕಲ್ಲಿನ ಮೇಲೆ ನಿಂತದ್ದು 2013ರ ಕಲ್ಲಿನ ಮೇಲೆ ನಿಲ್ಲುವುದಿಲ್ಲ. 'ಡಾಟ್ ನೆಟ್', 'ವೆಬ್‌ವ್ಯೂ 2 ರನ್‌ಟೈಮ್' ಇವುಗಳದ್ದೂ ಅದೇ ಕಥೆ. ಇಂಟೆಲ್, ಎಎಂಡಿ, ಎನ್‌ವಿಡಿಯಾ, ರಿಯಲ್‌ಟೆಕ್ ಎಂಬ ಹೆಸರಿನವು ಹೆಚ್ಚಾಗಿ ಪರದೆ, ಧ್ವನಿ, ವೈಫೈ ಇವುಗಳನ್ನು ನಡೆಸುವ ಸಾಫ್ಟ್‌ವೇರ್, ಅಂದರೆ ಡ್ರೈವರ್‌ಗಳು.

ಜಿಎಸ್‌ಟಿ ರಿಟರ್ನ್ಸ್‌ಗೆ ಡಿಜಿಟಲ್ ಸಹಿ ಹಾಕುವವರ ಮನೆಯಲ್ಲಿ 'ಎಂಸೈನರ್' ಎಂಬುದು, ಜೊತೆಗೆ ಸಹಿ ಇರುವ ಯುಎಸ್‌ಬಿ ಟೋಕನ್‌ನ ಡ್ರೈವರ್ ಇರುತ್ತದೆ. ಹೆಸರು ಕೇಳಿದರೆ ಅಪರಿಚಿತ ಅನ್ನಿಸುತ್ತದೆ. ತೆಗೆದುಬಿಟ್ಟರೆ ರಿಟರ್ನ್ಸ್‌ನ ಕೊನೇ ದಿನ ಟೋಕನ್ ಚುಚ್ಚಿದಾಗ ಗೊತ್ತಾಗುತ್ತದೆ. ಆಧಾರ್ ಬೆರಳಚ್ಚು ಯಂತ್ರ ಇಟ್ಟುಕೊಂಡವರಲ್ಲಿ 'ಆರ್‌ಡಿ ಸರ್ವಿಸ್' ಇರುತ್ತದೆ, ಅದಿಲ್ಲದೆ ಯಂತ್ರಕ್ಕೆ ಬೆರಳು ಓದಲು ಬರುವುದಿಲ್ಲ. ನುಡಿ, ಬರಹದ ವಿಷಯ ಮೇಲೆ ಹೇಳಿದ್ದೇನೆ. ಹಳೆಯ ಕಡತಗಳನ್ನು ಯೂನಿಕೋಡ್‌ಗೆ ಬದಲಿಸಿ, ಒಂದೊಂದನ್ನೂ ತೆರೆದು ನೋಡಿದ ಮೇಲಷ್ಟೇ ಅವುಗಳ ವಿಚಾರ ಮಾಡಿ.

ಇನ್ನು ಧೈರ್ಯವಾಗಿ ತೆಗೆಯಬಹುದಾದವು. ಅಡೋಬ್ ಫ್ಲ್ಯಾಶ್ ಪ್ಲೇಯರ್ ಇನ್ನೂ ಉಳಿದಿದ್ದರೆ ಅದನ್ನು ಮೊದಲು ತೆಗೆಯಿರಿ. 2020ರ ಡಿಸೆಂಬರ್ 31ಕ್ಕೆ ಅಡೋಬ್ ಅದನ್ನು ನಿಲ್ಲಿಸಿತು, ತೆಗೆದುಹಾಕಿ ಎಂದು ತಾನೇ ಹೇಳಿತು. ಯಾವುದೋ ಕಾಲಕ್ಕೆ ಮಾರಿದ ಪ್ರಿಂಟರಿನ ಸಾಫ್ಟ್‌ವೇರ್, ಬ್ರೌಸರ್ ಟೂಲ್‌ಬಾರ್‌ಗಳು, ಲ್ಯಾಪ್‌ಟಾಪ್ ಕೊಂಡಾಗಲೇ ತುಂಬಿ ಬಂದ ಆಟಗಳು ಕೂಡ ಹೋಗಲಿ. 'ಸಾವಿರ ದೋಷ ಸಿಕ್ಕಿವೆ, ಸರಿಪಡಿಸಲು ಹಣ ಕಟ್ಟಿ' ಎನ್ನುವ ಕ್ಲೀನರ್, ಬೂಸ್ಟರ್, ಡ್ರೈವರ್ ಅಪ್‌ಡೇಟರ್‌ಗಳ ಮೇಲೆ ನನಗೆ ಎಳ್ಳಷ್ಟೂ ನಂಬಿಕೆ ಇಲ್ಲ. ವಿಂಡೋಸ್ ತನ್ನ ಸೆಟ್ಟಿಂಗ್ ಇಟ್ಟುಕೊಳ್ಳುವ ರಿಜಿಸ್ಟ್ರಿಯನ್ನು 'ಶುಚಿ' ಮಾಡುವ ಕ್ಲೀನರ್ ಬಳಸುವುದನ್ನು ಮೈಕ್ರೋಸಾಫ್ಟ್ ಕೂಡ ಬೆಂಬಲಿಸುವುದಿಲ್ಲ.

ಹಣ ಕೊಡದೆ ಬಳಸಲು ಬೀಗ ಮುರಿದ, ಅಂದರೆ ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್, ಆ್ಯಕ್ಟಿವೇಟರ್‌ಗಳ ಬಗ್ಗೆ ಕೈಮುಗಿದು ಕೇಳಿಕೊಳ್ಳುತ್ತೇನೆ. 'ಮೊದಲು ಆಂಟಿವೈರಸ್ ಆಫ್ ಮಾಡಿ' ಎಂದು ಹೇಳಿ ಒಳಗೆ ಬರುವ ವಸ್ತು ಒಳಗೆ ಬಂದ ಮೇಲೆ ಏನು ಮಾಡುತ್ತದೆ ಎಂಬುದನ್ನು ಯೋಚಿಸಿ. ಅಂಥದ್ದು ಇದ್ದರೆ ತೆಗೆದು, ಕೆಳಗೆ ಹೇಳಿದ ಸ್ಕ್ಯಾನ್ ಮಾಡಿ, ಬೇರೆ ಫೋನಿನಿಂದ ಬ್ಯಾಂಕ್ ಮತ್ತು ಇಮೇಲ್ ಪಾಸ್‌ವರ್ಡ್ ಬದಲಿಸಿ.

ತೆಗೆಯುವ ಮುನ್ನ ಎರಡು ಕೆಲಸ

ಒಂದು, ಪೆನ್‌ಡ್ರೈವಿಗೆ ನಕಲು. ಫೋಟೊ, ದಾಖಲೆ, ಲೆಕ್ಕದ ಡೇಟಾ ಎಲ್ಲ. ಟ್ಯಾಲಿಯಲ್ಲಿ ಅದರೊಳಗೇ ಬ್ಯಾಕಪ್ ಆಯ್ಕೆ ಇದೆ, ಅದನ್ನೇ ಬಳಸಿ. ಹಣ ಕೊಟ್ಟು ಕೊಂಡ ಸಾಫ್ಟ್‌ವೇರ್ ಇದ್ದರೆ ಅದರ ಲೈಸೆನ್ಸ್ ಸಂಖ್ಯೆ ಆ ಹಾಳೆಯ ಹಿಂದೆ ಬರೆದಿಡಿ.

ಎರಡು, ರಿಸ್ಟೋರ್ ಪಾಯಿಂಟ್. ಸ್ಟಾರ್ಟ್ ಒತ್ತಿ 'ಕ್ರಿಯೇಟ್ ಎ ರಿಸ್ಟೋರ್ ಪಾಯಿಂಟ್' ಎಂದು ಹುಡುಕಿ. ತೆರೆಯುವ ಪೆಟ್ಟಿಗೆಯಲ್ಲಿ ಸಿ ಡ್ರೈವಿನ ಎದುರು 'ಆಫ್' ಎಂದಿದ್ದರೆ 'ಕಾನ್ಫಿಗರ್' ಒತ್ತಿ ಆನ್ ಮಾಡಿ. ಆಮೇಲೆ 'ಕ್ರಿಯೇಟ್' ಒತ್ತಿ, ಇವತ್ತಿನ ದಿನಾಂಕದ ಹೆಸರು ಕೊಡಿ. ಏನಾದರೂ ಎಡವಟ್ಟಾದರೆ ವಿಂಡೋಸ್‌ನ ಒಳಗಿನ ಜೋಡಣೆಯನ್ನು ಇವತ್ತಿನ ಸ್ಥಿತಿಗೆ ಹಿಂದಕ್ಕೆ ತರಬಹುದು. ಇದು ನಿಮ್ಮ ಫೋಟೊ, ದಾಖಲೆಗಳನ್ನು ಮುಟ್ಟುವುದಿಲ್ಲ. ಅಳಿದ ಫೋಟೊವನ್ನು ಮರಳಿ ತರುವುದೂ ಇಲ್ಲ, ಅದಕ್ಕೇ ಪೆನ್‌ಡ್ರೈವ್ ಮೊದಲು ಎಂದೆ.

ಬೇಸಿಗೆಯ ಮಧ್ಯಾಹ್ನ ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್ ಮುಂದೆ ಈ ಕೆಲಸಕ್ಕೆ ಕೂರಬೇಡಿ. ಅರ್ಧದಲ್ಲಿ ಕರೆಂಟ್ ಹೋದರೆ ಸಾಫ್ಟ್‌ವೇರ್ ಅತ್ತ ಇರುವುದೂ ಇಲ್ಲ, ಇತ್ತ ಹೋಗುವುದೂ ಇಲ್ಲ. ಲ್ಯಾಪ್‌ಟಾಪ್ ಆದರೆ ಬ್ಯಾಟರಿ ತುಂಬಿಸಿಕೊಂಡು, ಚಾರ್ಜರ್ ಚುಚ್ಚಿಕೊಂಡೇ ಕುಳಿತುಕೊಳ್ಳಿ.

ತೆಗೆಯುವುದು

ತೆಗೆಯಬೇಕಾದ ಸಾಫ್ಟ್‌ವೇರ್ ತೆರೆದಿದ್ದರೆ ಮುಚ್ಚಿ. ಗಡಿಯಾರದ ಪಕ್ಕದ ಮೇಲ್ಮುಖದ ಬಾಣ ಒತ್ತಿ ನೋಡಿ, ಅಲ್ಲಿ ಅದರ ಚಿಹ್ನೆ ಇದ್ದರೆ ಬಲ ಕ್ಲಿಕ್ ಮಾಡಿ 'ಎಕ್ಸಿಟ್' ಕೊಡಿ. ಆಮೇಲೆ ಪಟ್ಟಿಯಲ್ಲಿ ಅದರ ಎದುರಿನ ಮೂರು ಚುಕ್ಕೆ ಒತ್ತಿ 'ಅನ್‌ಇನ್‌ಸ್ಟಾಲ್'. ವಿಂಡೋಸ್ 10ರಲ್ಲಿ ಹೆಸರಿನ ಮೇಲೆ ಒತ್ತಿದರೆ ಬಟನ್ ಕಾಣುತ್ತದೆ.

ಮುಂದಿನದ್ದು ಎಚ್ಚರದಿಂದ ಓದಬೇಕಾದ ಘಟ್ಟ. ಒಳ್ಳೆಯ ಸಾಫ್ಟ್‌ವೇರ್ ಒಂದು ಮಾತು ಕೇಳಿ ಹೊರಟುಹೋಗುತ್ತದೆ. ಹೋಗಲು ಮನಸ್ಸಿಲ್ಲದ್ದು ಹೀಗೆ ಮಾಡುತ್ತದೆ: ನಡುವೆ ದೊಡ್ಡ ಹಸಿರು ಬಟನ್, ಅದರ ಮೇಲೆ 'ಇಟ್ಟುಕೊಳ್ಳಿ' ಎಂಬ ಅರ್ಥದ ಮಾತು. ಕೆಳಗೆ ಮೂಲೆಯಲ್ಲಿ ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ 'ಮುಂದುವರಿಸಿ'. ಅದನ್ನು ಒತ್ತಿದರೆ ಮತ್ತೊಂದು ಕಿಟಕಿ, ಅಲ್ಲಿ ಇದರ ಬದಲು ಇನ್ನೊಂದು ಹಾಕಲೇ ಎಂದು ಮೊದಲೇ ಟಿಕ್ ಮಾಡಿಟ್ಟ ಪೆಟ್ಟಿಗೆ. ಆ ಟಿಕ್ ತೆಗೆಯಿರಿ. ಪ್ರತಿ ಕಿಟಕಿಯಲ್ಲೂ ಬಟನ್ ಮೇಲಿನ ಪದ ಓದಿ, ಅದರ ಬಣ್ಣಕ್ಕೆ ಮರುಳಾಗಬೇಡಿ. ಬದಲಾವಣೆಗೆ ಒಪ್ಪಿಗೆ ಇದೆಯೇ ಎಂದು ವಿಂಡೋಸ್ ಕೇಳಿದಾಗ ಅಲ್ಲಿ ತೋರಿಸುವ ಹೆಸರು ನೀವು ತೆಗೆಯುತ್ತಿರುವುದರದ್ದೇ ತಾನೇ ಎಂದು ನೋಡಿ 'ಯೆಸ್' ಕೊಡಿ.

ಒಂದು ತೆಗೆದ ಮೇಲೆ ರೀಸ್ಟಾರ್ಟ್ ಮಾಡಿ, ಇಂಟರ್ನೆಟ್, ಪ್ರಿಂಟರ್, ಧ್ವನಿ ಸರಿ ಇದೆಯೇ ನೋಡಿ, ಹಾಳೆಯ ಮೇಲೆ ಅದರ ಮುಂದೆ ಗುರುತು ಹಾಕಿ. ಆಮೇಲೆ ಇನ್ನೊಂದು. ಹತ್ತನ್ನು ಒಟ್ಟಿಗೆ ತೆಗೆದರೆ ತಪ್ಪಾದದ್ದು ಯಾವುದರಿಂದ ಎಂದು ಕಂಡುಹಿಡಿಯಲು ಆಗುವುದಿಲ್ಲ. ಮಂಡಿಪೇಟೆಯಲ್ಲಿ ನಾನು ಮಾಡಿದ ತಪ್ಪು ಇದೂ ಹೌದು.

ಅವಧಿ ಮುಗಿದ ಆಂಟಿವೈರಸ್ ಇದ್ದರೆ ಅದನ್ನು ತೆಗೆಯಲು ಹೆದರುವವರು ಬಹಳ. ಕಾವಲು ಇಲ್ಲದಂತಾಗುತ್ತದೆ ಎಂಬ ಭಯ. ವಿಂಡೋಸ್‌ನಲ್ಲಿ ಡಿಫೆಂಡರ್ ಮೊದಲಿಂದಲೂ ಇದೆ. ಇನ್ನೊಂದು ಆಂಟಿವೈರಸ್ ಬಂದಾಗ ಅದು ಹಿಂದೆ ಸರಿಯುತ್ತದೆ, ಆ ಇನ್ನೊಂದು ಹೋದ ಮೇಲೆ ತಾನೇ ಮುಂದೆ ಬರುತ್ತದೆ. ರೀಸ್ಟಾರ್ಟ್ ಆದ ಮೇಲೆ 'ವಿಂಡೋಸ್ ಸೆಕ್ಯುರಿಟಿ' ತೆರೆದು ಹಸಿರು ಟಿಕ್ ಇದೆಯೇ ನೋಡಿ. ಆಂಟಿವೈರಸ್ ಸುಲಭವಾಗಿ ಬಿಟ್ಟು ಹೋಗದಿದ್ದರೆ ಅದನ್ನು ತಯಾರಿಸಿದವರ ಅಧಿಕೃತ ತಾಣದಲ್ಲೇ ತೆಗೆಯುವ ಉಪಕರಣ ಇರುತ್ತದೆ. ಬೇರೆ ಯಾವ ತಾಣದಿಂದಲೂ ಅದನ್ನು ಇಳಿಸಿಕೊಳ್ಳಬೇಡಿ.

ಹೋಗಲ್ಲ ಎಂದು ಹಟ ಹಿಡಿದರೆ

ಬಹಳ ಜನ ಮಾಡುವುದು 'ಪ್ರೋಗ್ರಾಂ ಫೈಲ್ಸ್' ಒಳಗೆ ಹೋಗಿ ಫೋಲ್ಡರನ್ನೇ ಅಳಿಸುವುದು. ಅದನ್ನು ಮಾಡಬೇಡಿ. ತೆಗೆಯುವ ಉಪಕರಣ ಹೆಚ್ಚಾಗಿ ಆ ಫೋಲ್ಡರಿನ ಒಳಗೇ ಇರುತ್ತದೆ. ಫೋಲ್ಡರ್ ಹೋದರೆ ತೆಗೆಯುವ ದಾರಿಯೂ ಹೋಯಿತು. ಪಟ್ಟಿಯಲ್ಲಿ ಹೆಸರು ಉಳಿಯುತ್ತದೆ, ಹಿನ್ನೆಲೆಯ ಸರ್ವಿಸ್ ಪ್ರತಿ ಸಲ ಏಳಲು ಹೋಗಿ ಬೀಳುತ್ತಲೇ ಇರುತ್ತದೆ.

ಮೊದಲು ರೀಸ್ಟಾರ್ಟ್ ಮಾಡಿ ಇನ್ನೊಮ್ಮೆ ಪ್ರಯತ್ನಿಸಿ. ಆಗದಿದ್ದರೆ ಅದೇ ಸಾಫ್ಟ್‌ವೇರನ್ನು ಅದರ ಅಧಿಕೃತ ತಾಣದಿಂದ ಮತ್ತೆ ಹಾಕಿ, ಆಮೇಲೆ ತೆಗೆಯಿರಿ. ಕೇಳಲು ವಿಚಿತ್ರ, ಆದರೆ ಕರೆಂಟ್ ಹೋಗಿ ಅರ್ಧಕ್ಕೆ ನಿಂತದ್ದಕ್ಕೆ ಇದೇ ಮದ್ದು. ಮುರಿದ ಭಾಗಗಳು ಮೊದಲು ಪೂರ್ತಿಯಾಗುತ್ತವೆ, ಆಮೇಲೆ ಸಲೀಸಾಗಿ ಹೋಗುತ್ತವೆ. ಕುತಂತ್ರಿ ಸಾಫ್ಟ್‌ವೇರ್ ಆದರೆ ಮಾತ್ರ ಮತ್ತೆ ಹಾಕಲು ಹೋಗಬೇಡಿ. ಇದೂ ಕೆಲಸ ಮಾಡದಿದ್ದರೆ ಇಂಥ ತೊಡಕಿಗೆಂದೇ ಮೈಕ್ರೋಸಾಫ್ಟ್ ಕೊಡುವ 'ಪ್ರೋಗ್ರಾಂ ಇನ್‌ಸ್ಟಾಲ್ ಆ್ಯಂಡ್ ಅನ್‌ಇನ್‌ಸ್ಟಾಲ್ ಟ್ರಬಲ್‌ಶೂಟರ್' ಇದೆ, ಅದನ್ನು ಅವರದೇ ತಾಣದಿಂದ ಇಳಿಸಿಕೊಳ್ಳಿ.

ಸೇಫ್ ಮೋಡ್‌ಗೆ (ಅಗತ್ಯ ಭಾಗಗಳಷ್ಟೇ ಏಳುವ ವಿಂಡೋಸ್ ಸ್ಥಿತಿಗೆ) ಹೋಗಿ ತೆಗೆಯಿರಿ ಎಂದು ಹೇಳುವವರಿದ್ದಾರೆ. ಕೆಲವಕ್ಕೆ ಆಗುತ್ತದೆ. ಆದರೆ ಅಲ್ಲಿ ವಿಂಡೋಸ್ ಇನ್‌ಸ್ಟಾಲರ್ ಸರ್ವಿಸ್ ಸಾಮಾನ್ಯವಾಗಿ ನಡೆಯುವುದಿಲ್ಲ, ಅದನ್ನು ನಂಬಿದ ಸಾಫ್ಟ್‌ವೇರ್‌ಗಳು ಅಲ್ಲಿ ಹೋಗುವುದಿಲ್ಲ. ಕೆಲವು ಲ್ಯಾಪ್‌ಟಾಪ್‌ಗಳು ಸೇಫ್ ಮೋಡ್‌ಗೆ ಹೋಗುವಾಗ ಬಿಟ್‌ಲಾಕರ್ ಕೀ (ಡಿಸ್ಕಿನ ಬೀಗ ತೆಗೆಯುವ ಸಂಖ್ಯೆ) ಕೇಳುತ್ತವೆ. ಆ ಕೀ ಕೈಯಲ್ಲಿ ಇಲ್ಲದೆ ಆ ಕಡೆ ಹೋಗಬೇಡಿ.

ಸಾಫ್ಟ್‌ವೇರೇ ಅಲ್ಲದ ತೊಂದರೆ

ವಿದ್ಯಾನಗರದ ಅಕ್ಕನೊಬ್ಬರು ಗಾಬರಿಯಲ್ಲಿ ಕರೆದಿದ್ದರು. ಪರದೆಯ ಬಲ ಮೂಲೆಯಲ್ಲಿ ನಿಮಿಷಕ್ಕೊಂದು ಎಚ್ಚರಿಕೆ: ವೈರಸ್ ಬಂದಿದೆ, ಈ ನಂಬರಿಗೆ ಕರೆ ಮಾಡಿ. ಪಟ್ಟಿ ಪೂರ್ತಿ ಹುಡುಕಿದೆವು, ತೆಗೆಯುವಂಥದ್ದು ಒಂದೂ ಇರಲಿಲ್ಲ. ಅದು ಬ್ರೌಸರ್ ನೋಟಿಫಿಕೇಶನ್. ಯಾವುದೋ ತಾಣದಲ್ಲಿ ಹಾಡು ಇಳಿಸುವಾಗ 'ಅಲೋ' ಒತ್ತಿದ್ದರು, ಅಂದಿನಿಂದ ಆ ತಾಣ ಕಳುಹಿಸುತ್ತಲೇ ಇತ್ತು. ಕ್ರೋಮ್‌ನಲ್ಲಿ ಸೆಟ್ಟಿಂಗ್ಸ್, ಪ್ರೈವೆಸಿ ಆ್ಯಂಡ್ ಸೆಕ್ಯುರಿಟಿ, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್ ಎಂದು ಹೋಗಿ, ಅನುಮತಿ ಪಡೆದ ತಾಣಗಳಲ್ಲಿ ಗುರುತಿಲ್ಲದವನ್ನು ತೆಗೆದದ್ದೇ ಪರದೆ ಶಾಂತವಾಯಿತು. "ಇಷ್ಟೇನಾ?" ಅಂದರು ಅಕ್ಕ. ಪುಣ್ಯಕ್ಕೆ ಆ ನಂಬರಿಗೆ ಕರೆ ಮಾಡಿರಲಿಲ್ಲ.

ಅದೇ ಹೊತ್ತಿಗೆ ಬ್ರೌಸರಿಗೆ ಅಂಟಿಸಿದ ಸಣ್ಣ ಸಾಫ್ಟ್‌ವೇರ್‌ಗಳಾದ ಎಕ್ಸ್‌ಟೆನ್ಶನ್‌ಗಳನ್ನೂ ನೋಡಿ. ಹುಡುಕಾಟದ ಪುಟ ತಾನಾಗಿ ಬದಲಾಗಿದ್ದರೆ ತಪ್ಪು ಹೆಚ್ಚಾಗಿ ಅಲ್ಲಿರುತ್ತದೆ. ಯಾವುದೆಂದು ತಿಳಿಯದಿದ್ದರೆ ಕ್ರೋಮ್ ಸೆಟ್ಟಿಂಗ್ಸ್‌ನ 'ರೀಸೆಟ್' ಇದೆ. ಬುಕ್‌ಮಾರ್ಕ್, ಉಳಿಸಿದ ಪಾಸ್‌ವರ್ಡ್ ಹಾಗೇ ಇರುತ್ತವೆ, ಎಕ್ಸ್‌ಟೆನ್ಶನ್‌ಗಳೆಲ್ಲ ಆಫ್ ಆಗುತ್ತವೆ.

ಎನಿಡೆಸ್ಕ್, ಟೀಮ್‌ವ್ಯೂವರ್‌ನಂಥ ದೂರದಿಂದ ಕಂಪ್ಯೂಟರ್ ನಡೆಸುವ ಸಾಫ್ಟ್‌ವೇರ್ ಪಟ್ಟಿಯಲ್ಲಿ ಸಿಕ್ಕಿ, ಮನೆಯವರಾರೂ ಹಾಕಿಲ್ಲ ಎಂದರೆ ಅಥವಾ 'ಬ್ಯಾಂಕಿನವರು' ಎಂದು ಹೇಳಿಕೊಂಡು ಯಾರೋ ಫೋನಿನಲ್ಲಿ ಹಾಕಿಸಿದ್ದರೆ, ಮೊದಲು ವೈಫೈ ಆಫ್ ಮಾಡಿ. ಆ ಸಾಫ್ಟ್‌ವೇರ್‌ಗಳು ತಾವಾಗಿ ಕೆಟ್ಟವಲ್ಲ, ನಾನೂ ದಿನಾ ಬಳಸುತ್ತೇನೆ. ವಂಚಕರ ಕೈಗೆ ಅವು ಬಾಗಿಲ ಕೀಲಿ ಆಗುತ್ತವೆ. ಹಣ ಹೋಗಿದ್ದರೆ ಏನನ್ನೂ ಅಳಿಸದೆ, ಪರದೆಯ ಫೋಟೊ ತೆಗೆದುಕೊಂಡು, ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಆಮೇಲೆ ಜಿಲ್ಲೆಯ ಸಿಇಎನ್ (ಸೈಬರ್ ಅಪರಾಧ ನೋಡಿಕೊಳ್ಳುವ) ಪೊಲೀಸ್ ಠಾಣೆಗೆ ಹೋಗಿ. ಮೊದಲ ಗಂಟೆಗಳಲ್ಲಿ ತಿಳಿಸಿದರೆ ಹಣವನ್ನು ತಡೆಹಿಡಿಯುವ ಅವಕಾಶ ಹೆಚ್ಚು. ಸಾಫ್ಟ್‌ವೇರ್ ತೆಗೆಯುವುದು ದೂರು ಕೊಟ್ಟ ಮೇಲಿನ ಕೆಲಸ.

ಕೊನೆಯ ಸುತ್ತು

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. 'ಸ್ಟಾರ್ಟಪ್' ವಿಭಾಗದಲ್ಲಿ ಕಂಪ್ಯೂಟರ್ ಆನ್ ಆದಾಗಲೇ ಏಳುವವುಗಳ ಪಟ್ಟಿ ಇದೆ. ಬೇಕು, ಆದರೆ ಬೆಳಿಗ್ಗೆ ಬೆಳಿಗ್ಗೆ ಬೇಡ ಎನ್ನುವಂಥವನ್ನು ಇಲ್ಲಿ 'ಡಿಸೇಬಲ್' ಮಾಡಿ. ಎಷ್ಟೋ ಸಲ ತೆಗೆಯುವ ಅಗತ್ಯವೇ ಬೀಳುವುದಿಲ್ಲ, ನಿಧಾನಕ್ಕೆ ಕಾರಣ ಇದೇ ಆಗಿರುತ್ತದೆ.

ವಿಂಡೋಸ್ ಸೆಕ್ಯುರಿಟಿಯ 'ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್' ಒಳಗೆ 'ಸ್ಕ್ಯಾನ್ ಆಪ್ಶನ್ಸ್'ನಲ್ಲಿ 'ಆಫ್‌ಲೈನ್ ಸ್ಕ್ಯಾನ್' ಇದೆ. ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ವಿಂಡೋಸ್ ಏಳುವ ಮೊದಲೇ ಹುಡುಕುತ್ತದೆ. ಸುಮಾರು 15 ನಿಮಿಷ. ಅದೇ ಸೆಕ್ಯುರಿಟಿ ಕಿಟಕಿಯ 'ಆ್ಯಪ್ ಆ್ಯಂಡ್ ಬ್ರೌಸರ್ ಕಂಟ್ರೋಲ್' ಒಳಗೆ 'ಪೊಟೆನ್ಶಿಯಲಿ ಅನ್‌ವಾಂಟೆಡ್ ಆ್ಯಪ್ ಬ್ಲಾಕಿಂಗ್' ಆನ್ ಇದೆಯೇ ನೋಡಿ. ಉಚಿತ ಸಾಫ್ಟ್‌ವೇರ್ ಜೊತೆ ಅಂಟಿಕೊಂಡು ಬರುವವನ್ನು ಬಾಗಿಲಲ್ಲೇ ತಡೆಯುವುದು ಅದರ ಕೆಲಸ. ವಿಂಡೋಸ್ 10 ಇಟ್ಟುಕೊಂಡಿರುವವರು ಇನ್ನೊಂದು ಗಮನಿಸಬೇಕು, 2025ರ ಅಕ್ಟೋಬರ್ 14ಕ್ಕೆ ಅದರ ಸಾಮಾನ್ಯ ಬೆಂಬಲ ಮುಗಿದಿದೆ. ಆ ಕಂಪ್ಯೂಟರಿನಲ್ಲಿ ಬ್ಯಾಂಕಿನ ಕೆಲಸ ಮಾಡುವವರು ಮುಂದಿನ ದಾರಿ ಬೇಗ ನೋಡಿಕೊಳ್ಳಿ.

ತೆಗೆದ ಮೇಲೂ ಖಾಲಿ ಫೋಲ್ಡರ್‌ಗಳು ಉಳಿಯುತ್ತವೆ. ಜಾಗ ತಿನ್ನುವಷ್ಟು ದೊಡ್ಡದಿದ್ದರೆ ಮಾತ್ರ ತಲೆ ಕೆಡಿಸಿಕೊಳ್ಳಿ. ಆಗಲೂ ನೇರವಾಗಿ ಅಳಿಸದೆ, ಫೋಲ್ಡರಿನ ಹೆಸರಿನ ಮುಂದೆ 'ಹಳೇದು' ಎಂದು ಸೇರಿಸಿ ಒಂದು ವಾರ ಬಿಡಿ. ಯಾವುದೂ ಅದನ್ನು ಹುಡುಕದಿದ್ದರೆ ಆಮೇಲೆ ಅಳಿಸಿ. ಹಾಳೆಯನ್ನು ಎಸೆಯಬೇಡಿ, ಕಂಪ್ಯೂಟರ್ ಟೇಬಲ್ಲಿನ ಡ್ರಾದಲ್ಲಿ ಇರಲಿ.

ಮಂಡಿಪೇಟೆಯ ಹಿರಿಯರು ಈಗ ದಿನಕ್ಕೆ ನಾಲ್ಕೈದು ಹಳೆಯ ಪತ್ರಗಳನ್ನು ನುಡಿಯ ಪರಿವರ್ತಕಕ್ಕೆ ಹಾಕಿ ಯೂನಿಕೋಡ್ ಮಾಡಿಕೊಳ್ಳುತ್ತಿದ್ದಾರೆ. ಪ್ರತಿಯೊಂದನ್ನೂ ತೆರೆದು, ಸರ್ವೆ ನಂಬರು, ಚೆಕ್ಕುಬಂದಿ, ಒತ್ತಕ್ಷರ ಸರಿ ಬಂದಿವೆಯೇ ಎಂದು ಹಳೆಯ ಪ್ರಿಂಟಿನ ಜೊತೆ ಹೋಲಿಸಿ ನೋಡುತ್ತಾರೆ. ಆ ಕೆಲಸ ಮುಗಿಯುವವರೆಗೂ ಹಳೆಯ ನುಡಿ ಅವರ ಹಾಳೆಯ 'ಬೇಕು' ಭಾಗದಲ್ಲಿ ಮೊದಲ ಹೆಸರು.